ಮೀನು ಹಿಡಿಯುವ ರಜೆ: ರಜೆ ಯಾರಿಗೆ?

ನಮ್ಮ ಕನ್ನಡ ಸಂಘದ ಕಳೆದ ಸಭೆಯಲ್ಲಿ, ಬರುವ ಡಿಸೆಂಬರ್ ರಜೆಗೆ ಎಲ್ಲರೂ ಊರ ಕಡೆ ಹೋಗಿ ‘ನಾಲ್ಕು ದಿನ ಕಡಲು, ಮೀನು, ಮಜಾ’ ಮಾಡಿ ಬರೋಣ ಅಂತ ಒಂದು ಸಲಹೆ ಬಂತು. ಗೆಳೆಯರು, ಗೆಳತಿಯರು, ಬರುವವರಿದ್ದರೆ ಅವರವರ ಮನೆಯವರು ಎಲ್ಲ ಸೇರಿ ಕುಂದಾಪುರ, ಗಂಗೊಳ್ಳಿ, ಮರವಂತೆ ಸುತ್ತುವುದು. ದೋಣಿ ಮಾಡಿಕೊಂಡು ಮೀನು ಹಿಡಿಯುವುದು. ಹಿಡಿದದ್ದನ್ನು ಅಲ್ಲೇ ಯಾರದಾದರೂ ಮನೆಯಲ್ಲಿ ಮಾಡಿಸಿ ತಿನ್ನುವುದು. ಸಲಹೆಗೆ ಜೋರಾಗಿ ಚಪ್ಪಾಳೆ ಬಿತ್ತು. ರೈಲಿನ ಟಿಕೆಟ್ಟು, ದೋಣಿಯ ಬಾಡಿಗೆ, ತಲೆಗೆ ಎಷ್ಟು ಬೀಳುತ್ತದೆ ಎಂಬ ಎಲ್ಲ ಪ್ರಶ್ನೆಗಳೂ ಬಂದವು. ‘ಮಾಡಿಸಿ’ ಎನ್ನುವ ಶಬ್ದದ ಬಗ್ಗೆ ಮಾತ್ರ ಯಾರೂ ಏನೂ ಕೇಳಲಿಲ್ಲ. ಯಾರ ಕೈಯಿಂದ ಮಾಡಿಸುವುದು? ಈ ನನ್ನ ಲೇಖನ ಆ ಒಂದೇ ಶಬ್ದದ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರವಾಸದ ವಿರೋಧಿಯಲ್ಲ. ಹತ್ತನೇ ತರಗತಿಯವರೆಗೆ ಆ ಕಡೆಯ ಕನ್ನಡ ಶಾಲೆಯಲ್ಲೇ ಕಲಿತವಳು. ಈಗ ಚಿಕ್ಕಪ್ಪನ ಮನೆಯಲ್ಲಿದ್ದು ಇಲ್ಲಿ ಬಿ.ಕಾಂ. ಓದುತ್ತಿರುವವಳು. ಅಲ್ಲಿ ‘ಜಮಾ-ಖರ್ಚು’ ಎಂದು ಕಲಿತದ್ದನ್ನೇ ಇಲ್ಲಿ ‘ಡೆಬಿಟ್-ಕ್ರೆಡಿಟ್’ ಎಂದು ಇನ್ನೊಮ್ಮೆ ಕಲಿತಿದ್ದೇನೆ. ಎರಡರಲ್ಲೂ ನಿಯಮ ಒಂದೇ: ಒಬ್ಬನ ಲೆಕ್ಕದಲ್ಲಿ ಏನಾದರೂ ಬಂತು ಎಂದರೆ ಇನ್ನೊಬ್ಬನ ಲೆಕ್ಕದಿಂದ ಅದು ಹೋಗಿರಲೇಬೇಕು. ರಜೆಗೂ ಈ ನಿಯಮ ಅನ್ವಯಿಸುತ್ತದೆ ಎಂಬುದು ನನ್ನ ವಾದ.

ಡಿಸೆಂಬರೇ ಯಾಕೆ?

ಡಿಸೆಂಬರಿನಲ್ಲಿ ಹೋಗುವುದು ಸರಿಯೇ. ಮಳೆಗಾಲದ ಕಡಲು ಆಟಕ್ಕೆ ಸಿಗುವಂಥದ್ದಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಆ ತಿಂಗಳುಗಳಲ್ಲಿ ಕಡಲಡಿಯ ತಣ್ಣೀರು ಮೇಲೆದ್ದು ಬರುತ್ತದೆ. ಅದರ ಜೊತೆ ಬಂದ ಸತ್ವದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ, ಬಂಗುಡೆ ಗುಂಪುಗುಂಪಾಗಿ ತೀರದ ಕಡೆ ಬರುತ್ತವೆ. ಹಾಗಾಗಿ ಮಳೆ ನಿಂತ ಮೇಲಿನ ಮೂರು-ನಾಲ್ಕು ತಿಂಗಳು ನಮ್ಮ ಕಡೆ ಮೀನಿನ ಸುಗ್ಗಿ. ಡಿಸೆಂಬರಿನ ಹೊತ್ತಿಗೆ ಕಡಲೂ ತಣ್ಣಗೆ ಕೂತಿರುತ್ತದೆ. ಬೆಳಗಿನ ಜಾವ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡುವ ಗಂಗೊಳ್ಳಿ ಅಳಿವೆಯ ಒಳಗಿನ ನೀರು ಆ ಬೆಳಗಿನ ಹೊತ್ತು ಎಷ್ಟು ನಿಶ್ಚಲವಾಗಿರುತ್ತದೆ ಎಂದರೆ, ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಸಮುದ್ರ ನೋಡಿದವರಿಗೆ ಅದೂ ಸಮುದ್ರದ ಬಾಗಿಲೇ ಎಂದರೆ ನಂಬಿಕೆ ಬಾರದು. ಹೋಗಿ ನೋಡಲೇಬೇಕಾದ್ದು. ಅದರಲ್ಲಿ ಎರಡು ಮಾತಿಲ್ಲ.

ಒಂದು ದಿನದ ಲೆಕ್ಕ

ಕಳೆದ ಡಿಸೆಂಬರಿನಲ್ಲಿ ನಾವು ಇಂಥದ್ದೇ ಒಂದು ಪ್ರವಾಸ ಮಾಡಿದೆವು. ಮುಂಬಯಿಯಿಂದ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ, ನಾನು, ಕಾಲೇಜಿನ ಇಬ್ಬರು ಗೆಳೆಯರು, ಒಬ್ಬಳು ಗೆಳತಿ. ಉಳಿದುಕೊಂಡದ್ದು ಅಮ್ಮನ ತವರಿನಲ್ಲಿ. ಅಲ್ಲಿ ಅಜ್ಜಿ, ಸೋದರಮಾವ. ನಮಗಾಗಿ ಬಂದು ಕೂಡಿಕೊಂಡ ಅಪ್ಪ, ಅಮ್ಮ. ಒಟ್ಟು ಹನ್ನೊಂದು ಜನ.

ಎರಡನೇ ದಿನ ಬೆಳಿಗ್ಗೆ ಆರಕ್ಕೆ ದೋಣಿ ಹೊರಟಿತು. ದೋಣಿಯಲ್ಲಿ ಆರು ಜನ. ಆರೂ ಗಂಡಸರು. ದಡದಲ್ಲಿ ಐದು ಜನ. ಐದೂ ಹೆಂಗಸರು. ಯಾರೂ ಹೀಗೆ ಅಂತ ತೀರ್ಮಾನಿಸಿರಲಿಲ್ಲ, ಯಾರೂ ಯಾರನ್ನೂ ಬೇಡ ಎನ್ನಲೂ ಇಲ್ಲ. ಅಕ್ಕಿಯಿಂದ ಕಲ್ಲು ಬೇರೆಯಾದಂತೆ ತಾನಾಗಿ ಬೇರೆಯಾದೆವು. ಹತ್ತು ಗಂಟೆಗೆ ದೋಣಿ ವಾಪಸು ಬಂತು. ನಾಲ್ಕು ಗಂಟೆ ಗಾಳ ಹಾಕಿ ತಂದ ಮೀನು ಬಕೆಟಿನ ತಳ ಮುಚ್ಚುವಷ್ಟಿತ್ತು, ಜೊತೆಗೆ ಸಿಟ್ಟಿನಲ್ಲಿದ್ದ ಒಂದು ಏಡಿ. ಹನ್ನೊಂದು ಜನರ ಊಟಕ್ಕೆ ಅದು ಸಾಲದು ಅಂತ, ಬುಟ್ಟಿ ಹೊತ್ತು ಬಂದ ಮೀನಿನ ಅಕ್ಕನ ಹತ್ತಿರ ಬಂಗುಡೆ, ಕಾಣೆ ತೆಗೆದುಕೊಂಡದ್ದಾಯಿತು. ಊಟದ ಹೊತ್ತಿಗೆ ಎಲ್ಲವೂ ‘ನಾವು ಹಿಡಿದ ಮೀನು’ ಆಗಿಬಿಟ್ಟಿತ್ತು. ಅದಿರಲಿ, ಮೀನು ಹಿಡಿದವರ ಮಾತು ಎಲ್ಲ ಊರಿನಲ್ಲೂ ಸ್ವಲ್ಪ ಉದ್ದವೇ.

ಆದರೆ ನಾನು ಆ ದಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗಂಟೆಗಳನ್ನು ಬರೆದಿಟ್ಟಿದ್ದೆ. ಅದು ಹೀಗಿದೆ.

ಬೆಳಗಿನ ಜಾವ 4.30ರಿಂದ 6ರವರೆಗೆ ದೋಣಿಗೆ ಹೋಗುವವರಿಗೆ ಚಹಾ, ಅವಲಕ್ಕಿ, ಕಟ್ಟಿಕೊಟ್ಟ ತಿಂಡಿ: ಅಮ್ಮ, ಚಿಕ್ಕಮ್ಮ, ಒಟ್ಟು 3 ಗಂಟೆ. ಬೆಳಿಗ್ಗೆ 10.15ರಿಂದ 1.30ರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಹುರುಪೆ ತೆಗೆದು, ಕಿವಿರು ಕಿತ್ತು, ತೊಳೆದು, ಕಾಯಿ ತುರಿದು, ಮಸಾಲೆ ಅರೆದು, ಗಸಿ, ಹುರಿಯುವುದು, ಕುಚ್ಚಲಕ್ಕಿ ಅನ್ನ: ಐದು ಜನ, ಒಟ್ಟು 16¼ ಗಂಟೆ. ಊಟದ ನಂತರ ಪಾತ್ರೆ, ಅಂಗಳ ತೊಳೆಯುವುದು: ಮೂರು ಜನ, 3 ಗಂಟೆ. ಸಂಜೆ 6.30ರಿಂದ 8.30ರವರೆಗೆ ಮತ್ತೆ ಒಲೆ: ಮೂರು ಜನ, 6 ಗಂಟೆ. ಎಲ್ಲ ಕೂಡಿಸಿದರೆ 28¼ ಗಂಟೆ.

ದೋಣಿಯಲ್ಲಿ ಹೋದ ಆರು ಜನರಲ್ಲಿ ಮಾವನನ್ನು ರಜೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವರು ಪರ್ಸೀನ್ ದೋಣಿಯಲ್ಲಿ ದುಡಿಯುವವರು. ನೆಂಟರು ಬಂದಿದ್ದಾರೆ ಅಂತ ಎರಡು ದಿನ ಕೆಲಸ ಬಿಟ್ಟು ಮನೆಯಲ್ಲಿದ್ದರು. ಆ ರಜೆಯ ದಿನವೂ ನೆರೆಮನೆಯ ದೋಣಿ ಕೇಳಿ ತಂದು, ಗಾಳಕ್ಕೆ ಸಿಗಡಿ ಸಿಕ್ಕಿಸಿಕೊಟ್ಟು, ನಮ್ಮವರ ಸಿಕ್ಕುಬಿದ್ದ ದಾರ ಬಿಡಿಸುತ್ತ ನಾಲ್ಕು ಗಂಟೆ ಕಳೆದರು. ಅದು ಅವರಿಗೆ ಕೆಲಸವೇ. ಉಳಿದ ಐವರಿಗೆ ನಾಲ್ಕು ನಾಲ್ಕು ಗಂಟೆ, ಒಟ್ಟು 20 ಗಂಟೆಯ ಸಂತೋಷ. ಆ 20 ಗಂಟೆಯ ಸಂತೋಷದ ಎದುರು ಬೇರೆಯವರ 32¼ ಗಂಟೆಯ ದುಡಿಮೆ. ರಾತ್ರಿ ಚಿಕ್ಕಪ್ಪ ಬರೆದ ಖರ್ಚಿನ ಪಟ್ಟಿಯಲ್ಲಿ ಗಾಳ, ದಾರ, ಡೀಸೆಲ್, ಮೀನು, ಎಣ್ಣೆ ಎಲ್ಲ ಇತ್ತು. ಈ ಗಂಟೆಗಳು ಮಾತ್ರ ಇರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇಂಥ ಲೆಕ್ಕಕ್ಕೆ ಆಡಿಟರು ಸಹಿ ಹಾಕುವುದಿಲ್ಲ.

‘ಹೆಂಗಸರು ಕಡಲಿಗೆ ಹೋಗುವುದಿಲ್ಲ’

ಹೀಗೆ ಹೇಳಿದರೆ ಮೊದಲು ಬರುವ ಉತ್ತರ: ನಮ್ಮ ಕಡೆ ಹೆಂಗಸರು ಕಡಲಿಗೆ ಹೋಗುವ ಪದ್ಧತಿ ಇಲ್ಲ, ಮೀನು ಹಿಡಿಯುವುದು ಗಂಡಸರ ಕೆಲಸ. ಪದ್ಧತಿ ಇಲ್ಲ ಎಂಬುದು ನಿಜ. ಆದರೆ ಪಿಕ್‌ನಿಕ್ಕಿಗೆ ಹೋದ ನಮ್ಮ ಚಿಕ್ಕಪ್ಪನಿಗೆ, ಅವರು ಮುಂಬಯಿಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಕುರ್ಚಿಯ ಮೇಲೆ ಕೂತವರು, ಈ ಪದ್ಧತಿಯ ಹಕ್ಕು ಎಲ್ಲಿಂದ ಬಂತು? ಕಸುಬಿನವನಿಗೆ ಕಸುಬಿನ ಕಟ್ಟು. ಮೋಜಿಗೆ ಹೋಗುವವನು ಆ ಕಟ್ಟನ್ನು ತೋರಿಸಿ ಹೆಂಡತಿಯನ್ನು ಒಲೆಯ ಮುಂದೆ ಕೂರಿಸುವುದು ಯಾವ ನ್ಯಾಯ?

ಮತ್ತೆ, ಮೀನು ಗಂಡಸರ ಕೆಲಸ ಎಂಬುದೂ ಅರ್ಧ ಮಾತ್ರ ಸತ್ಯ. ಮೀನು ನೀರಿನಿಂದ ದಡಕ್ಕೆ ಬರುವವರೆಗಿನ ಕೆಲಸ ಗಂಡಸರದು. ದಡದಿಂದ ನಮ್ಮ ಬಟ್ಟಲಿಗೆ ಬರುವವರೆಗಿನದು ಬಹುಪಾಲು ಹೆಂಗಸರದು. ಬಂದರಿನಲ್ಲಿ ಬೆಳಿಗ್ಗೆ ಏಲಂ ಕೂಗುವಾಗ ನೋಡಿ. ಬುಟ್ಟಿಯೊಂದನ್ನು ಒಂದು ಕಣ್ಣೋಟದಲ್ಲಿ ಅಳೆದು, ಇದರಲ್ಲಿ ಎಷ್ಟು ಮೀನು ಉಂಟು, ಎಷ್ಟು ಐಸ್ ಬೇಕು, ರಿಕ್ಷಾಕ್ಕೆ ಎಷ್ಟು, ಯಾವ ಕೇರಿಯಲ್ಲಿ ಇವತ್ತು ಯಾರ ಮನೆಯಲ್ಲಿ ಸೋಮವಾರದ ಒಪ್ಪತ್ತು, ಎಲ್ಲಿ ನೆಂಟರು ಬಂದಿದ್ದಾರೆ ಎಂದೆಲ್ಲ ಲೆಕ್ಕ ಹಾಕಿ ಬೆಲೆ ಹೇಳುವವಳು ಅವಳು. ನಮಗೆ ‘ಪೆರಿಷಬಲ್ ಸ್ಟಾಕ್’ ಎಂಬುದು ಪರೀಕ್ಷೆಯ ಐದು ಅಂಕದ ಪ್ರಶ್ನೆ. ಅವಳಿಗೆ ಅದು ದಿನದ ಬಿಸಿಲು. ಏಳು ಗಂಟೆಯ ಬಂಗುಡೆಯ ಬೆಲೆ ಹನ್ನೆರಡು ಗಂಟೆಗೆ ಉಳಿಯುವುದಿಲ್ಲ. ಉಳಿದ ಮಾಲಿಗೆ ಉಪ್ಪು ಹಾಕಿ ಒಣಗಿಸಿದರೆ ಒಣಮೀನು, ಇಲ್ಲದಿದ್ದರೆ ಪೂರಾ ನಷ್ಟ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುವವರಲ್ಲೂ ಹೆಂಗಸರೇ ಹೆಚ್ಚು. ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸುವುದಾಗಿ ಘೋಷಿಸಿತು. ಸರ್ಕಾರಕ್ಕೂ ಕಂಡ ವ್ಯಾಪಾರ ನಮ್ಮ ಪ್ರವಾಸಿಗರ ಕಣ್ಣಿಗೆ ಯಾಕೆ ಕಾಣುವುದಿಲ್ಲ?

ನನ್ನ ಅಜ್ಜಿಯೂ ಒಂದು ಕಾಲದಲ್ಲಿ ಬುಟ್ಟಿ ಹೊತ್ತವಳೇ. ಅಜ್ಜನಿಗೆ ರಂಪಣಿ ಬಲೆಯಲ್ಲಿ ಒಂದು ಪಾಲಿತ್ತು. ಈಗಿನವರಿಗೆ ಹೇಳಬೇಕು: ರಂಪಣಿ ಅಂದರೆ ಒಬ್ಬ ಸಾಹುಕಾರನ ಬಲೆಯಲ್ಲ. ಹಲವು ಮನೆಯವರು ಬಲೆಯ ತುಂಡುಗಳನ್ನು ತಂದು ಜೋಡಿಸಿ ಮಾಡಿದ ಬಹು ದೊಡ್ಡ ಬಲೆ. ದೋಣಿ ಕಡಲಿನಲ್ಲಿ ಅರ್ಧಚಂದ್ರದಂತೆ ಸುತ್ತಿ ಬಲೆ ಬಿಟ್ಟು ಬಂದರೆ, ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಎಳೆಯಲು ಊರೇ ಬೇಕು. ಬಂದದ್ದು ಪಾಲಿನ ಪ್ರಕಾರ ಹಂಚಿಕೆ, ಹಗ್ಗಕ್ಕೆ ಕೈ ಹಚ್ಚಿದವನಿಗೂ ಒಂದಿಷ್ಟು ಮೀನು. ನಮ್ಮ ಪುಸ್ತಕದ ‘ಪಾಲುದಾರಿಕೆ’ ಅಧ್ಯಾಯ ಮರಳಿನ ಮೇಲೆ ನಡೆಯುತ್ತಿತ್ತು ಎನ್ನಿ. 1970ರ ದಶಕದ ನಡುಭಾಗದಿಂದ ಪರ್ಸೀನ್ ದೋಣಿಗಳು ಬಂದವು. ರಂಪಣಿಯವರು ಪ್ರತಿಭಟಿಸಿದರು. 1980ರ ದಶಕದ ಹೊತ್ತಿಗೆ ದೊಡ್ಡ ರಂಪಣಿಗಳು ಹೆಚ್ಚುಕಡಿಮೆ ಮೂಲೆ ಸೇರಿದವು. ಸಣ್ಣ ಕೈರಂಪಣಿ ಮಾತ್ರ ಉಡುಪಿ ಜಿಲ್ಲೆಯ ತೀರದಲ್ಲಿ ಅಲ್ಲಲ್ಲಿ ಉಳಿದಿದೆ. ಇದನ್ನು ಗಂಡಸರ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಆದರೆ ಮನೆಯೆದುರಿನ ಮರಳಿಗೆ ಬರುತ್ತಿದ್ದ ಮೀನು ದೂರದ ಬಂದರಿಗೆ ಹೋದಾಗ, ಅದನ್ನು ಕೊಳ್ಳಲು ಕತ್ತಲಲ್ಲೇ ಎದ್ದು ಬಸ್ಸಿಗೆ ಕಾಯಬೇಕಾದವಳು ಯಾರು? ಅಜ್ಜಿಯನ್ನು ಕೇಳಿದರೆ ನಕ್ಕು ಹೇಳುತ್ತಾಳೆ: “ಮೀನ್ ಹಿಡುದ್ ಗಂಡ್ಸ್ರೇ, ಸಮ. ಅದನ್ ದುಡ್ ಮಾಡುದ್ ಯಾರ್ ಹೆಣೆ?”

ಕೆಲವು ಆಕ್ಷೇಪಗಳು

ಈ ಲೇಖನದ ಕರಡನ್ನು ಇಬ್ಬರು ಮೂವರು ಗೆಳೆಯರಿಗೆ ತೋರಿಸಿದಾಗ ಬಂದ ಆಕ್ಷೇಪಗಳಿಗೆ ಇಲ್ಲೇ ಉತ್ತರ ಕೊಡುತ್ತೇನೆ.

‘ನಿಮ್ಮ ಅಮ್ಮನೇ ಸಂತೋಷದಿಂದ ಮಾಡಿದರಲ್ಲ, ನಿನಗೇನು ತಕರಾರು?’ ಹೌದು, ಅಮ್ಮ ಸಂತೋಷದಿಂದಲೇ ಮಾಡಿದಳು. ವರ್ಷಕ್ಕೊಮ್ಮೆ ಬಂದ ಮಗಳಿಗೆ, ಅವಳ ಗೆಳೆಯರಿಗೆ ಮಾಡಿ ಬಡಿಸುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೋಣಿಯಲ್ಲಿ ಹೋಗುವ ಸಂತೋಷ ಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲವಲ್ಲ. ಎರಡು ಸಂತೋಷ ಎದುರಿಗಿಟ್ಟು ಒಂದನ್ನು ಆರಿಸಿಕೊಂಡರೆ ಅದು ಇಷ್ಟ. ಒಂದೇ ಇದ್ದಾಗ ಅದು ಅಭ್ಯಾಸ. ಮೀನುಗಾರರ ಮನೆಯಲ್ಲಿ ಹುಟ್ಟಿದ ನನ್ನಮ್ಮ ಹೊಳೆ ದಾಟಲು ದೋಣಿ ಹತ್ತಿದ್ದುಂಟು, ಮೀನು ಹಿಡಿಯಲು ಹತ್ತಿದ್ದಿಲ್ಲ.

‘ಪ್ರವಾಸಿಗರು ಹೋದರೆ ಅಲ್ಲಿಯವರಿಗೆ ನಾಲ್ಕು ಕಾಸು ಸಿಗುತ್ತದೆ.’ ಒಪ್ಪಿದೆ. ಹಾಗಿದ್ದರೆ ಆ ಕಾಸು ಯಾರ ಕೈಗೆ ಹೋಗುತ್ತದೆ ನೋಡೋಣ. ದೋಣಿಯ ಬಾಡಿಗೆ ಹೇಳಿದಷ್ಟು ಕೊಡುತ್ತೇವೆ, ಅಲ್ಲಿ ಬೋರ್ಡು ಇರುತ್ತದೆ. ಲಾಡ್ಜಿನಲ್ಲೂ ಹೇಳಿದಷ್ಟು. ಬುಟ್ಟಿಯವಳ ಹತ್ತಿರ ಬಂದ ಕೂಡಲೇ ನಮಗೆ ಅರ್ಥಶಾಸ್ತ್ರ ನೆನಪಾಗುತ್ತದೆ; ಇಪ್ಪತ್ತು ರೂಪಾಯಿಗೆ ಕಾಲು ಗಂಟೆ ಚೌಕಾಶಿ. ಬೆಳಗಿನ ಏಲಂನಲ್ಲಿ ಅವಳು ಕೊಟ್ಟ ಬೆಲೆ, ಐಸು, ರಿಕ್ಷಾ, ಬಿಸಿಲಿನಲ್ಲಿ ಕಡಿಮೆಯಾಗುವ ಬೆಲೆ, ಇಷ್ಟನ್ನೂ ಕಳೆದು ಉಳಿಯುವ ಲಾಭದಲ್ಲೇ ನಾವು ಈ ಇಪ್ಪತ್ತು ಕೇಳುತ್ತಿರುವುದು. ಮಾಲ್‌ಗಳಲ್ಲಿ ಬೆಲೆಚೀಟಿ ನೋಡಿ ಬಾಯಿ ಮುಚ್ಚಿಕೊಳ್ಳುವ ನಾವು ಇಲ್ಲಿ ಮಾತ್ರ ಶೂರರು.

‘ಹುಡುಗಿಯರಿಗೇ ಬೇಡ, ವಾಸನೆ ಎನ್ನುತ್ತಾರೆ.’ ಇದು ನಮಗೆ, ಹುಡುಗಿಯರಿಗೆ, ಹೇಳಬೇಕಾದ ಮಾತು. ಲೋಕಲ್ ರೈಲಿನ ಸಾಮಾನಿನ ಡಬ್ಬಿಯಿಂದ ಕೋಳಿ ಹೆಂಗಸರು ಬುಟ್ಟಿ ಇಳಿಸುವಾಗ ಮೂಗಿಗೆ ಕರವಸ್ತ್ರ ಹಿಡಿಯುವವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಊರಿನ ಮೀನುಗಾರರ ಮನೆಯಿಂದ ಬಂದವರೇ ಇಲ್ಲಿ ‘ನಮ್ಮದು ಉಡುಪಿ ಕಡೆ’ ಅಂತಷ್ಟೇ ಹೇಳಿ ಮಾತು ಮುಗಿಸುತ್ತಾರೆ. ಇದೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿತು. ಆ ಹಿರಿಯರು ತಮ್ಮ ಹೆಸರನ್ನು ಬೋರ್ಡಿನ ಮೇಲೆ ಬರೆಸಿ ನಿಂತವರು. ನಮಗೆ ಹೇಳಲು ನಾಚಿಕೆಯೇ?

ನಾವು ಹೋಗುವ ರೈಲಿನ ಹೆಸರೇ ಮತ್ಸ್ಯಗಂಧಾ ಎಕ್ಸ್‌ಪ್ರೆಸ್. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಬಂದ ಗಾಡಿ. ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಊರು. ಮತ್ಸ್ಯಗಂಧಿ ಯಾರು? ದಾಶರಾಜನ ಮಗಳು ಸತ್ಯವತಿ. ಯಮುನೆಯಲ್ಲಿ ದೋಣಿ ನಡೆಸುತ್ತಿದ್ದವಳು. ಹುಟ್ಟು ಹಿಡಿದಿದ್ದವಳು ಅವಳು, ಕೂತಿದ್ದವನು ಪರಾಶರ. ಪುರಾಣ ಅವಳ ಮೈಯ ಮೀನಿನ ವಾಸನೆ ಹೋಗಲಾಡಿಸಿ ಯೋಜನಗಂಧಿ ಮಾಡಿತು. ಆದರೂ ರೈಲ್ವೆಯವರು ಗಾಡಿಗೆ ಇಟ್ಟದ್ದು ಹಳೆಯ ಹೆಸರನ್ನೇ. ದೋಣಿ ನಡೆಸಿದ ಹೆಣ್ಣಿನ ಹೆಸರಿನ ಗಾಡಿಯಲ್ಲಿ ಹೋಗಿ, ಇಳಿದ ಮೇಲೆ ‘ಹೆಣ್ಣುಮಕ್ಕಳು ದೋಣಿ ಹತ್ತುವುದು ಬೇಡ’ ಎಂದರೆ ಹೇಗೆ ಮಾರಾಯ್ರೇ?

ನನ್ನ ಷರತ್ತುಗಳು

ಬರೀ ಟೀಕೆ ಮಾಡಿ ಬಿಟ್ಟರೆ ಅದು ಸುಲಭ. ಆದ್ದರಿಂದ ಪ್ರವಾಸ ಆಗಲಿ, ಈ ಷರತ್ತುಗಳ ಮೇಲೆ ಆಗಲಿ ಎಂದು ಸೂಚಿಸುತ್ತೇನೆ.

ಒಂದು, ಸಲಹೆಯಲ್ಲಿರುವ ‘ಮಾಡಿಸಿ ತಿನ್ನುವುದು’ ಎಂಬುದನ್ನು ‘ಮಾಡಿ ತಿನ್ನುವುದು’ ಎಂದು ತಿದ್ದಬೇಕು. ದೋಣಿಯಲ್ಲಿ ಹೋಗಿ ಬಂದವರು ಮೆಟ್ಟುಗತ್ತಿಯ ಮುಂದೆ ಕೂರಬೇಕು. ಬಂಗುಡೆ ಕ್ಲೀನು ಮಾಡುವುದು ಕಾಸ್ಟ್ ಅಕೌಂಟಿಂಗಿಗಿಂತ ಕಷ್ಟವಲ್ಲ. ಕಲಿಸುವವರು ಮನೆಯಲ್ಲೇ ಇದ್ದಾರೆ.

ಎರಡು, ದೋಣಿ ಎರಡು ಸಲ ಹೋಗಲಿ. ಬರುವ ಮನಸ್ಸಿರುವ ಹೆಂಗಸರಿಗೆ, ಆ ಮನೆಯ ಅಮ್ಮ, ಅಜ್ಜಿಯರಿಗೆ ಮೊದಲ ಸಲ. ಎಲ್ಲರಿಗೂ ಲೈಫ್ ಜಾಕೆಟ್ ಇರಬೇಕು. ಅಳಿವೆಯ ಬಾಯಿಗೆ, ಪಾಚಿ ಹಿಡಿದ ಬ್ರೇಕ್‌ವಾಟರಿನ ಕಲ್ಲುಗಳ ಮೇಲೆ ಊರವರ ಮಾತು ಮೀರಿ ಹೋಗುವಂತಿಲ್ಲ. ಅಪಾಯ ಎಂಬ ನೆಪ ಹುಡುಗಿಯರಿಗೆ ಮಾತ್ರ ಹೇಳುವುದು ಬೇಡ. ಕಡಲಿಗೆ ಹುಡುಗ, ಹುಡುಗಿ ಎಂಬ ಭೇದ ಗೊತ್ತಿಲ್ಲ.

ಮೂರು, ಒಂದು ಬೆಳಿಗ್ಗೆ ಬಂದರಿಗೆ ಹೋಗಿ ಏಲಂ ನೋಡಬೇಕು. ಎಲ್ಲಾದರೂ ಕೈರಂಪಣಿ ನಡೆಯುತ್ತಿದ್ದರೆ, ಅವರ ಅಪ್ಪಣೆ ಕೇಳಿ ಹಗ್ಗಕ್ಕೆ ಕೈ ಹಚ್ಚಬೇಕು. ದಡದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆಯುವವನಿಗೆ ಪಾಲಿಲ್ಲ, ಎಳೆದವನಿಗೆ ಉಂಟು. ಆ ಸಂಪ್ರದಾಯ ನಮಗೂ ಒಳ್ಳೆಯದು.

ನಾಲ್ಕು, ಕಂಪಾಸು ಪೆಟ್ಟಿಗೆಯ 15 ಸೆಂಟಿಮೀಟರಿನ ಪಟ್ಟಿ ಒಂದನ್ನು ಜೊತೆಗೆ ತರಬೇಕು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನ ಮೇಲೆ ಕೇರಳ ಸರ್ಕಾರ 2015ರಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆ ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಮರಿ ಮೀನು ಹಿಡಿದರೆ ಅಸಲನ್ನೇ ತಿಂದಂತೆ, ಬಡ್ಡಿಯನ್ನಲ್ಲ. ಗಾಳಕ್ಕೆ ಬಿದ್ದ ಬೆರಳುದ್ದದ ಮರಿಯ ಜೊತೆ ಫೋಟೊ ತೆಗೆಸಿಕೊಳ್ಳುವ ಬದಲು ಜೀವವಿರುವಾಗಲೇ ಅದನ್ನು ನೀರಿಗೆ ಬಿಡೋಣ.

ಐದು, ಬುಟ್ಟಿಯವಳ ಹತ್ತಿರ ಚೌಕಾಶಿ ಇಲ್ಲ. ಮತ್ತು ಉಳಿದುಕೊಂಡ ಮನೆಗೆ, ಎಷ್ಟೇ ಹತ್ತಿರದ ಸಂಬಂಧವಿರಲಿ, ಅಕ್ಕಿ-ತೆಂಗಿನಕಾಯಿಯ ಖರ್ಚಿನ ಜೊತೆ ಕೆಲಸದ ಗಂಟೆಗಳನ್ನೂ ಬರೆದು ಸಂಘದ ಲೆಕ್ಕಪತ್ರದಲ್ಲಿ ತೋರಿಸಬೇಕು. ಅವರು ಹಣ ತೆಗೆದುಕೊಳ್ಳಲಿಕ್ಕಿಲ್ಲ. ನಮ್ಮ ಕಡೆಯವರು ನೆಂಟರಿಂದ ತೆಗೆದುಕೊಳ್ಳುವವರಲ್ಲ. ಆದರೆ ಪಟ್ಟಿಯಲ್ಲಿ ಬರೆದರೆ ಅದು ಋಣ ಅಂತಲಾದರೂ ಆಗುತ್ತದೆ. ಬರೆಯದಿದ್ದರೆ ಏನೂ ಅಲ್ಲ.

ಬಾಂದ್ರಾದ ಕಡಲಿನೆದುರು ಕೂತು ಯಶವಂತ ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಬರೆದರು. ಊರಿನಿಂದ ದೂರವಿರುವವನಿಗೆ ಊರು ಹೆಚ್ಚು ಕಾಣುತ್ತದೆ ಎಂಬುದಕ್ಕೆ ನಮ್ಮ ಸಂಘದಲ್ಲಿ ಎಲ್ಲರೂ ಅವರನ್ನೇ ಉದಾಹರಣೆ ಕೊಡುತ್ತೇವೆ. ಹಾಗಾದರೆ ನಮ್ಮ ಕಣ್ಣಿಗೆ ಕಡಲು, ದೋಣಿ, ಹುರಿದ ಕಾಣೆ ಇಷ್ಟೇ ಕಂಡು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವವಳು ಕಾಣದಿದ್ದರೆ ನಾವು ಓದಿದ್ದಾದರೂ ಏನನ್ನು?

ಮುಂದಿನ ಸಭೆಯಲ್ಲಿ ಈ ಐದು ಷರತ್ತುಗಳನ್ನು ನಾನು ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಹುಡುಗರಲ್ಲೇ ಒಬ್ಬರು ಎದ್ದು ನಿಂತರೆ ಹೆಚ್ಚು ಸಂತೋಷ. ಷರತ್ತು ಪಾಸಾದರೆ ಬಂಗುಡೆ ಕ್ಲೀನು ಮಾಡುವುದನ್ನು ನಾನೇ ಕಲಿಸುತ್ತೇನೆ, ಫೀಸು ಇಲ್ಲ.